ಎರಡನೆಯ ಗಾಯ

ಹಲವು ವರ್ಷಗಳ ಹಿಂದೆ ನಮ್ಮೂರ ಸಂತೆಯ ದಾರಿಯಲ್ಲಿ ಯುವಕನೊಬ್ಬನು ಸೈಕಲ್ಲಿನಿಂದ ಉರುಳಿ, ತಲೆ ಕಲ್ಲಿಗೆ ಬಡಿದು, ಪ್ರಜ್ಞೆತಪ್ಪಿ ಬಿದ್ದನು. ನೆರೆದವರೆಲ್ಲ ಕರುಣೆಯುಳ್ಳವರೇ. ಒಬ್ಬರು ಕತ್ತನ್ನೆತ್ತಿ ಹಿಡಿದರು; ಇನ್ನೊಬ್ಬರು ಬಾಯಿಗೆ ಸೋಡಾ ಹೊಯ್ದರು. ಅವನ ಉಸಿರು ಗೊರಗೊರ ಸದ್ದು ಮಾಡಿತು, ತುಟಿ ನೀಲಿಗಟ್ಟಿತು. ಮೂರನೆಯ ದಿನ ತೀರಿಕೊಂಡನೆಂದು ಕೇಳಿದೆವು. ಬೇಡವೆಂದು ತಡೆಯುವಷ್ಟು ತಿಳಿವಳಿಕೆ ಆಗ ನನಗೂ ಇರಲಿಲ್ಲ.

ತಲೆಗೆ ಬಲವಾದ ಪೆಟ್ಟು ಬಿದ್ದಾಗ ಮಿದುಳಿಗಾಗುವ ಗಾಯ ಒಂದಲ್ಲ, ಎರಡು. ಮೊದಲನೆಯದು ಪೆಟ್ಟಿನ ಕ್ಷಣದಲ್ಲಿಯೇ ಆಗಿಹೋಗುತ್ತದೆ. ಹರಿದ ನರತಂತುಗಳನ್ನು ಮತ್ತೆ ಹೆಣೆಯಬಲ್ಲ ವೈದ್ಯನಿನ್ನೂ ಹುಟ್ಟಿಲ್ಲ. ಎರಡನೆಯದು ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಬೆಳೆಯುತ್ತದೆ. ಮಿದುಳು ಸುಮಾರು 1.4 ಕಿಲೋಗ್ರಾಂ ತೂಕದ ಮೃದುವಾದ ಅಂಗ. ಅದನ್ನು ಕಾಯುವ ತಲೆಬುರುಡೆಯಾದರೋ ಹಿಗ್ಗಲಾರದ ಎಲುಬಿನ ಪೆಟ್ಟಿಗೆ. ಒಳಗೆ ರಕ್ತ ಹೆಪ್ಪುಗಟ್ಟಿದರೆ, ಇಲ್ಲವೆ ಮಿದುಳು ಊದಿಕೊಂಡರೆ, ಒತ್ತಡವೇರಿ ಹೊಸರಕ್ತ ಒಳಬರುವುದು ಕಷ್ಟವಾಗುತ್ತದೆ. ಅದೇ ಹೊತ್ತಿಗೆ ಉಸಿರು ಕಟ್ಟಿದರೆ ಅಥವಾ ರಕ್ತದೊತ್ತಡ ಕುಸಿದರೆ, ಪೆಟ್ಟಿನಿಂದ ಪಾರಾಗಿದ್ದ ಜೀವಕೋಶಗಳೂ ಆಮ್ಲಜನಕವಿಲ್ಲದೆ ಸಾಯುತ್ತವೆ. ತಡೆಯಲು ಸಾಧ್ಯವಿರುವುದು ಈ ಎರಡನೆಯ ಗಾಯವನ್ನೇ.

ಆದುದರಿಂದ ಚಿಕಿತ್ಸೆಯು ಆರಂಭವಾಗುವುದು ತಲೆಯಿಂದಲ್ಲ, ಉಸಿರಿನಿಂದ. ಪ್ರಜ್ಞೆಯಿಲ್ಲದವನು ಸರಿಯಾಗಿ ನುಂಗಲಾರನು. ಬಾಯಿಗೆ ಹೊಯ್ದುದು ಶ್ವಾಸನಾಳವನ್ನು ಸೇರೀತು. ಕತ್ತಿನ ಮೂಳೆಯೂ ಮುರಿದಿರಬಹುದಾದ್ದರಿಂದ ಅದನ್ನು ಅಲುಗಿಸದೆ ಉಸಿರಿನ ದಾರಿಯನ್ನು ತೆರವಾಗಿಡಬೇಕು. ಆಮ್ಲಜನಕ ಕೊಟ್ಟು, ರಕ್ತದೊತ್ತಡ ಇಳಿಯದಂತೆ ಕಾಯಬೇಕು. ಕಣ್ಣು ತೆರೆಯುವುದು, ಮಾತನಾಡುವುದು, ಕೈಕಾಲು ಆಡಿಸುವುದು, ಇವುಗಳನ್ನು ಪರೀಕ್ಷಿಸಿ ವೈದ್ಯರು 3ರಿಂದ 15ರವರೆಗೆ ಅಂಕವಿಡುತ್ತಾರೆ. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಮಾಪನವೇ ಇದರ ಮೂಲ. ಅಂಕ 8ನ್ನು ಮೀರದಿದ್ದರೆ ಗಾಯ ತೀವ್ರವೆಂದು ಅರ್ಥ. ಬಳಿಕ ಸಿ.ಟಿ. ಸ್ಕ್ಯಾನ್, ಹೆಪ್ಪುಗಟ್ಟಿದ ರಕ್ತವು ಮಿದುಳನ್ನು ಒತ್ತುತ್ತಿದ್ದರೆ ಶಸ್ತ್ರಚಿಕಿತ್ಸೆ.

ಊತವನ್ನಿಳಿಸಲೆಂದು ಸ್ಟಿರಾಯ್ಡ್ ಔಷಧ ಕೊಡುವ ರೂಢಿಯೂ ದಶಕಗಳ ಕಾಲ ನಡೆದಿತ್ತು. ಮಿದುಳಿನ ಗೆಡ್ಡೆಯ ಸುತ್ತಣ ಊತವನ್ನು ಇಳಿಸುವ ಮದ್ದು ಗಾಯದ ಊತವನ್ನೇಕೆ ಇಳಿಸದು? ತರ್ಕವೇನೋ ಸೊಗಸಾಗಿತ್ತು. ಕ್ರ್ಯಾಶ್ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ತಲೆಗೆ ಗಾಯವಾಗಿದ್ದ 10,008 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಈ ಔಷಧವನ್ನೂ ಉಳಿದವರಿಗೆ ಔಷಧವಿಲ್ಲದ ದ್ರವವನ್ನೂ ಕೊಡಲಾಯಿತು. ಯಾರಿಗೆ ಯಾವುದು ಎಂಬುದು ಚಿಕಿತ್ಸೆ ನೀಡಿದವರಿಗೂ ತಿಳಿದಿರಲಿಲ್ಲ. ಎರಡು ವಾರಗಳಲ್ಲಿ ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 21 ಮಂದಿಯೂ, ಪಡೆಯದವರಲ್ಲಿ 18 ಮಂದಿಯೂ ಮರಣಹೊಂದಿದ್ದರು. ನಂಬಿದ ಮದ್ದೇ ಜೀವ ತೆಗೆಯುತ್ತಿತ್ತು! ಸೋಡಾ ಹೊಯ್ದ ನಮ್ಮೂರವರನ್ನು ನಾನೇಕೆ ದೂರಲಿ? 20,000 ಮಂದಿಯವರೆಗೆ ಸಾಗಬೇಕಿದ್ದ ಪರೀಕ್ಷೆಯನ್ನು 2004ರಲ್ಲಿ ನಡುವೆಯೇ ನಿಲ್ಲಿಸಿದರು. ತಲೆಯ ತೀವ್ರ ಗಾಯಕ್ಕೆ ಆ ಔಷಧ ಕೂಡದೆಂಬುದು ಈಗಿನ ವೈದ್ಯರ ನಿಯಮವಾಗಿದೆ.