ಹಳೆಯ ಕಾರ್ವೆಟ್, ಅಸಲಿ ಬೋಲ್ಟು: ಹಣ ಹಾಕುವ ಮುನ್ನ ನೋಡಬೇಕಾದ ಲೆಕ್ಕ

ಮ್ಯೂಚುವಲ್ ಫಂಡ್, ಚಿನ್ನ, ಊರಲ್ಲೊಂದು ಸೈಟು ಎಲ್ಲ ಆದ ಮೇಲೆ ಗಲ್ಫ್‌ನಲ್ಲಿರುವ ಕೆಲವರ ಕಣ್ಣು ಹಳೆಯ ಸ್ಪೋರ್ಟ್ಸ್ ಕಾರಿನ ಮೇಲೆ ಬೀಳುತ್ತದೆ. ಸೌದಿಯಲ್ಲಿ ಇದು ವಿಚಿತ್ರವೇನಲ್ಲ. ತೈಲ ಸಿಕ್ಕ ಕಾಲದಿಂದಲೂ ದಹ್ರಾನ್ ಕಡೆಗೆ ಅಮೆರಿಕನ್ನರು ಬಂದರು, ಅವರ ಕಾರುಗಳೂ ಬಂದವು. 2019ರ ನವೆಂಬರ್‌ನಲ್ಲಿ ರಿಯಾದ್‌ನ ಜನಾದ್ರಿಯಾದಲ್ಲಿ ಕ್ಲಾಸಿಕ್ ಕಾರುಗಳ ಅಂತರರಾಷ್ಟ್ರೀಯ ಹರಾಜೇ ನಡೆಯಿತು.

ಆದರೆ ಇಂಥ ಕಾರಿನ ಬೆಲೆ ನಿಂತಿರುವುದು ಹೊಳೆಯುವ ಬಣ್ಣದ ಮೇಲಲ್ಲ, 'ಎಷ್ಟು ಅಸಲಿ' ಎಂಬುದರ ಮೇಲೆ. ಆ ಪ್ರಶ್ನೆ ಎಂಜಿನ್ ನಂಬರ್‌ನಿಂದ ಶುರುವಾಗಿ ಬೋಲ್ಟು, ವಾಷರ್, ಕ್ಲಿಪ್ಪಿನ ತನಕ ಇಳಿಯುತ್ತದೆ.

ಅಂಕಪಟ್ಟಿ ಏನು ಹೇಳುತ್ತದೆ?

ಷೆವರ್ಲೆ ಕಾರ್ವೆಟ್ ಉದಾಹರಣೆ ತೆಗೆದುಕೊಳ್ಳೋಣ. ಹಿಂದಿನ ಗಾಜು ಎರಡು ಭಾಗವಾಗಿದ್ದ 'ಸ್ಪ್ಲಿಟ್ ವಿಂಡೋ' ಕೂಪೆ ಬಂದದ್ದು 1963ರಲ್ಲಿ ಮಾತ್ರ, ತಯಾರಾದದ್ದು 10,594. ಇಂಥ ಕಾರುಗಳನ್ನು ಪರೀಕ್ಷಿಸುವ ಅಮೆರಿಕದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿ 1974ರಲ್ಲಿ ಶುರುವಾಯಿತು. ಅವರ ಪಟ್ಟಿಯಲ್ಲಿ ಒಟ್ಟು 4,510 ಅಂಕ. ಮೇಲಿನ ದರ್ಜೆಯಾದ 'ಟಾಪ್ ಫ್ಲೈಟ್' ಸಿಗಲು ಶೇ. 94 ಬೇಕು. ಅಂದರೆ ಇಡೀ ಕಾರಿನಲ್ಲಿ ಕಳೆದುಕೊಳ್ಳಬಹುದಾದದ್ದು ಸುಮಾರು 270 ಅಂಕ ಅಷ್ಟೇ. ಒಂದು ತಪ್ಪು ಬೋಲ್ಟಿನಿಂದ ಏನೂ ಮುಳುಗುವುದಿಲ್ಲ. ಆದರೆ ಮೆಕ್ಯಾನಿಕ್ ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ಬಿಗಿದಿದ್ದರೆ ಅಂಕ ಸೋರುತ್ತಲೇ ಹೋಗುತ್ತದೆ, ಅದರ ಜೊತೆಗೆ ಮುಂದೆ ಮಾರುವಾಗಿನ ಬೆಲೆಯೂ.

ಅಸಲಿ ಗುರುತಿಸುವುದು ಹೇಗೆ?

ಮೊದಲು ಬೋಲ್ಟಿನ ತಲೆ ನೋಡಿ. ಅಮೆರಿಕನ್ ಪದ್ಧತಿಯಲ್ಲಿ ತಲೆಯ ಮೇಲೆ ಗೆರೆಗಳಿರುತ್ತವೆ. ಗೆರೆಗಳ ಸಂಖ್ಯೆಗೆ ಎರಡು ಕೂಡಿಸಿದರೆ ಗ್ರೇಡ್ ಸಿಗುತ್ತದೆ: ಮೂರು ಗೆರೆ ಎಂದರೆ ಗ್ರೇಡ್ 5, ಆರು ಎಂದರೆ ಗ್ರೇಡ್ 8. ಗೆರೆಗಳ ಜೊತೆಗೆ ಬೋಲ್ಟು ಮಾಡಿದ ಕಂಪನಿಯ ಅಕ್ಷರಗಳೂ ಇರಬಹುದು. ಅದರ ಬದಲು 8.8 ಅಥವಾ 10.9 ಎಂದು ಬರೆದಿದ್ದರೆ ಅದು ಮೆಟ್ರಿಕ್ ಬೋಲ್ಟು. 60ರ ದಶಕದ ಕಾರ್ವೆಟ್ ಪೂರ್ತಿ ಇಂಚಿನ ಅಳತೆಯದು. ಹಾಗಾಗಿ ಆ ಬೋಲ್ಟು ಆಮೇಲೆ ಸೇರಿದ್ದು, ಇದರಲ್ಲಿ ಅನುಮಾನವೇ ಬೇಡ.

ಎರಡನೆಯದು ಲೇಪನ. ಕಾರ್ಖಾನೆಯಿಂದ ಬಂದ ಬೋಲ್ಟುಗಳಲ್ಲಿ ಕಪ್ಪು ಫಾಸ್ಫೇಟ್, ಮಾಸಲು ಬೆಳ್ಳಿಯ ಬಣ್ಣದ ಕ್ಯಾಡ್ಮಿಯಂ ಅಥವಾ ಸತುವಿನ ಲೇಪನ ಕಾಣುತ್ತದೆ. ಎಂಜಿನ್ ತುಂಬ ಫಳಫಳ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟುಗಳಿದ್ದರೆ ಯಾರೋ ಅಂದಕ್ಕಾಗಿ ಹಾಕಿದ್ದಾರೆ ಎಂದೇ ಅರ್ಥ.

ಮೂರನೆಯದು ತಾರೀಖು. ಎಂಜಿನ್ ಬ್ಲಾಕಿನಂಥ ಎರಕದ ಭಾಗಗಳ ಮೇಲೆ ತಿಂಗಳಿಗೊಂದು ಅಕ್ಷರ ಇರುತ್ತದೆ: 'ಎ' ಜನವರಿ, 'ಎಲ್' ಡಿಸೆಂಬರ್. ನಂತರ ದಿನ, ಕೊನೆಗೆ ವರ್ಷದ ಅಂಕಿ. 'ಎ 15 3' ಎಂದಿದ್ದರೆ 1963ರ ಜನವರಿ 15. ಭಾಗದ ತಾರೀಖು ಕಾರು ತಯಾರಾದ ದಿನಕ್ಕಿಂತ ಮೊದಲಿರಬೇಕು. ಕಾರಿಗಿಂತ ಚಿಕ್ಕ ವಯಸ್ಸಿನ ಭಾಗ ಆ ಕಾರಿನ ಜೊತೆ ಹುಟ್ಟಿರಲು ಸಾಧ್ಯವಿಲ್ಲ.

ನಾಲ್ಕನೆಯದು ಜಾಗದ ಸಾಕ್ಷಿ. ಬಹಳ ವರ್ಷ ಕೂತ ವಾಷರಿನ ಅಡಿಯಲ್ಲಿ ಅದರದೇ ಅಚ್ಚು ಉಳಿದಿರುತ್ತದೆ. ಅಚ್ಚಿಗಿಂತ ವಾಷರ್ ದೊಡ್ಡದಿದ್ದರೂ ಚಿಕ್ಕದಿದ್ದರೂ ಅದು ಬದಲಾಗಿದೆ.

ಇಷ್ಟಿದ್ದರೂ ಒಂದೇ ಗುರುತನ್ನು ನಂಬಬೇಡಿ. ಹಳೆಯ ಅಕ್ಷರಗಳನ್ನೇ ಒತ್ತಿದ ಹೊಸ ಬೋಲ್ಟುಗಳೂ ಮಾರಾಟಕ್ಕಿವೆ. ತಲೆ, ಲೇಪನ, ಉದ್ದ, ಅಚ್ಚು ನಾಲ್ಕೂ ಒಂದೇ ಕಥೆ ಹೇಳಿದರೆ ಮಾತ್ರ ನಂಬಿಕೆಗೆ ಅರ್ಹ.

ತಶ್ಲೀಹ್‌ನಲ್ಲಿ ಹುಡುಕುವಾಗ

ಸೌದಿಯ ಗುಜರಿ ಅಂಗಳಗಳಾದ ತಶ್ಲೀಹ್‌ಗಳಲ್ಲಿ ಹಳೆಯ ಅಮೆರಿಕನ್ ಕಾರು ಸಿಕ್ಕರೆ ಅದರ ಬೋಲ್ಟುಗಳತ್ತ ಒಮ್ಮೆ ನೋಡಿ. ರಿಯಾದ್‌ನ ಒಣ ಹವೆಯಲ್ಲಿ ಕಬ್ಬಿಣ ಚೆನ್ನಾಗಿ ಉಳಿಯುತ್ತದೆ, ರಬ್ಬರು ಸುಟ್ಟು ಬಿರುಕು ಬಿಡುತ್ತದೆ. ಜಿದ್ದಾ, ದಮ್ಮಾಮ್‌ನ ಕಡಲ ಗಾಳಿಯಲ್ಲಿ ತುಕ್ಕಿನ ಭಯ ಹೆಚ್ಚು. ಕಾರ್ವೆಟ್‌ನ ಮೈ ಫೈಬರ್‌ಗ್ಲಾಸಿನದು, ತುಕ್ಕು ಹಿಡಿಯುವುದಿಲ್ಲ. ಅಡಿಯ ಫ್ರೇಮು ಮಾತ್ರ ಉಕ್ಕಿನದು. ಆದ್ದರಿಂದ ಬಣ್ಣ ನೋಡಿ ಮರುಳಾಗದೆ ಕಾರಿನ ಕೆಳಗೆ ಬಗ್ಗಿ ನೋಡಿ.

ಅಸಲಿಗಿಂತ ಜೀವ ದೊಡ್ಡದು

ಸ್ಟೀರಿಂಗ್, ಬ್ರೇಕು, ಸಸ್ಪೆನ್ಶನ್ ಬೋಲ್ಟುಗಳ ವಿಷಯದಲ್ಲಿ ಹಟ ಬೇಡ. ಥ್ರೆಡ್ ಎಳೆದುಹೋಗಿದ್ದರೆ ಅದೇ ಗ್ರೇಡಿನ ಹೊಸದು ಹಾಕಿ, ಹಳೆಯದನ್ನು ಚೀಟಿ ಅಂಟಿಸಿ ಡಬ್ಬಿಯಲ್ಲಿಡಿ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಹೆಚ್ಚು ಗಟ್ಟಿಯಾದ ಬೋಲ್ಟಿಗೆ ಮತ್ತೆ ಲೇಪನ ಮಾಡಿಸುವಾಗ ಉಕ್ಕಿನೊಳಗೆ ಹೈಡ್ರೋಜನ್ ಸೇರುತ್ತದೆ. ಲೇಪನದ ಬೆನ್ನಲ್ಲೇ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸದಿದ್ದರೆ, ಬಿಗಿದಿಟ್ಟ ಬೋಲ್ಟು ಒಂದು ದಿನ ಸದ್ದಿಲ್ಲದೆ ಮುರಿಯಬಹುದು. ಲೇಪನದ ಅಂಗಡಿಯವನಿಗೆ ಕಾಯಿಸುವುದು ಗೊತ್ತಿಲ್ಲದಿದ್ದರೆ ಬೋಲ್ಟು ಕೊಡಲೇಬೇಡಿ.

ಈಗ ಹಣದ ಮಾತು

ಬಿಡಿಭಾಗ ತರಿಸಿದರೆ 2020ರ ಜುಲೈನಿಂದ ಜಾರಿಯಲ್ಲಿರುವ ಶೇ. 15 ವ್ಯಾಟ್ ಇದೆ. ಉದಾಹರಣೆಗೆ, 4,000 ರಿಯಾಲ್‌ನ ಭಾಗ, 500 ರಿಯಾಲ್ ಸಾಗಣೆ ಎಂದುಕೊಂಡರೆ ವ್ಯಾಟ್ 675, ಒಟ್ಟು 5,175. ಕಸ್ಟಮ್ಸ್ ಸುಂಕ ಬೇರೆ. ಈ ಕಾರು ಬಡ್ಡಿ ಕೊಡುವುದಿಲ್ಲ, ಡಿವಿಡೆಂಡ್ ಕೊಡುವುದಿಲ್ಲ, ನಿಲ್ಲಿಸಿದಲ್ಲೇ ಖರ್ಚು ಕೇಳುತ್ತದೆ.

ಇನ್ನೂ ದೊಡ್ಡ ಪ್ರಶ್ನೆ: ಊರಿಗೆ ವಾಪಸ್ ಹೊರಟಾಗ ಏನು? ಭಾರತಕ್ಕೆ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು ಎಂಬುದು ಸಾಮಾನ್ಯ ನಿಯಮ. ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ಷರತ್ತುಗಳಿವೆ. ಕೊಳ್ಳುವ ಮುನ್ನವೇ ಡಿಜಿಎಫ್‌ಟಿಯ ಸದ್ಯದ ಅಧಿಸೂಚನೆ ಓದಿ. ಭಾರತದ 2021ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ, ಹೊಸ ನೋಂದಣಿ ಶುಲ್ಕ 20,000 ರೂಪಾಯಿ. ಆದರೆ ಅದು ದಿನನಿತ್ಯದ ಓಡಾಟಕ್ಕಲ್ಲ. ಇಖಾಮಾ ಮುಗಿಯುವ ಹೊತ್ತಿಗೆ ಗಡಿಬಿಡಿಯಲ್ಲಿ ಮಾರಿದರೆ ಬೆಲೆ ನಿಗದಿ ಮಾಡುವವನು ಕೊಳ್ಳುವವನು, ನೀವಲ್ಲ.

ಆದ್ದರಿಂದ ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ತೆಗೆಯಿರಿ, ಬೋಲ್ಟುಗಳನ್ನು ಜಾಗದ ಹೆಸರು ಬರೆದ ಚೀಲಗಳಲ್ಲಿ ಇಡಿ, ರಸೀದಿಗಳನ್ನು ಒಂದು ಫೈಲಿಗೆ ಹಾಕಿ. ಕೊಳ್ಳುವವನು ಬಂದಾಗ ನಿಮ್ಮ ಮಾತಿಗಿಂತ ಆ ಫೈಲಿಗೆ ಬೆಲೆ ಹೆಚ್ಚು. ಇಷ್ಟು ತಾಳ್ಮೆ ಇಲ್ಲದವರು ರಜೆಗೆ ಊರಿಗೆ ಹೋದಾಗ ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯ ನೋಡಿ ಆಸೆ ತೀರಿಸಿಕೊಳ್ಳುವುದು, ಹಣವನ್ನು ಇಂಡೆಕ್ಸ್ ಫಂಡಿನಲ್ಲೇ ಬಿಡುವುದು ಲೇಸು.