ನಿಮಗಿದು ಗೊತ್ತೆ? ಮಿದುಳಿಗೆ ಮಣಿಕಟ್ಟಿನಿಂದಲೂ ದಾರಿಯಿದೆ!

ಮಿದುಳಿನ ರಕ್ತನಾಳ ಉಬ್ಬಿಕೊಂಡರೆ ಎಷ್ಟೋ ಸಲ ತಲೆಬುರುಡೆ ತೆರೆಯಬೇಕಿಲ್ಲ. ವೈದ್ಯರು ನಾಡಿ ಹಿಡಿದು ನೋಡುವ ಜಾಗದಿಂದಲೇ ಅಲ್ಲಿಗೆ ತಲುಪಬಹುದು!

ಹೆಬ್ಬೆರಳ ಬುಡದ ಕೆಳಗೆ ಮಿಡಿಯುವ ರೇಡಿಯಲ್ ಅಪಧಮನಿಯ ಅಗಲ ಸುಮಾರು 2ರಿಂದ 3 ಮಿಲಿಮೀಟರ್ ಅಷ್ಟೇ. ಅದರೊಳಗೆ ತೂರಿಸಿದ ಕ್ಯಾಥೆಟರ್ ಎಂಬ ತೆಳು ಕೊಳವೆ ತೋಳು, ಭುಜ ದಾಟಿ, ಎದೆಯ ಮೇಲ್ಭಾಗದ ದೊಡ್ಡ ನಾಳದಲ್ಲಿ ತಿರುವು ತೆಗೆದುಕೊಂಡು, ಕುತ್ತಿಗೆಯ ಮೂಲಕ ಮೇಲೇರುತ್ತದೆ. ಕೆಣಕಿದರೆ ಮಣಿಕಟ್ಟಿನ ನಾಳ ಸೆಟೆದುಕೊಳ್ಳುತ್ತದೆ. ಹಾಗಾಗದಿರಲೆಂದು ಮೊದಲೇ ಔಷಧ ಕೊಡುತ್ತಾರೆ. ಅಂಗೈಗೆ ಅಲ್ನಾರ್ ಎಂಬ ಇನ್ನೊಂದು ಅಪಧಮನಿಯೂ ರಕ್ತ ಹರಿಸುವುದರಿಂದ ಸಾಮಾನ್ಯವಾಗಿ ಕೈಗೆ ತೊಂದರೆಯಾಗುವುದಿಲ್ಲ.

ಮಿದುಳಿನ ಆಂಜಿಯೋಗ್ರಾಂ, ಅಂದರೆ ರಕ್ತನಾಳಗಳ ಎಕ್ಸ್‌ರೇ ಚಿತ್ರ, ಶುರುವಾದದ್ದು 1927ರಲ್ಲಿ, ಲಿಸ್ಬನ್‌ನಲ್ಲಿ. ನರರೋಗ ತಜ್ಞ ಎಗಾಸ್ ಮೊನಿಜ್ ಕುತ್ತಿಗೆಯ ಅಪಧಮನಿಗೇ ಎಕ್ಸ್‌ರೇಯಲ್ಲಿ ಕಾಣುವ ದ್ರವ ಚುಚ್ಚಿ ಚಿತ್ರ ತೆಗೆಸಿದ್ದರು. ಮುಂದೆ ತೊಡೆಸಂದಿನ ಅಪಧಮನಿ ಹೆದ್ದಾರಿಯಾಯಿತು. ಮಣಿಕಟ್ಟಿನ ದಾರಿ ತೋರಿಸಿದವರು ಹೃದ್ರೋಗ ತಜ್ಞರು: 1989ರಲ್ಲಿ ಕೆನಡಾದ ಲೂಸಿಯನ್ ಕ್ಯಾಂಪೋ ಇಲ್ಲಿಂದ ಹೃದಯದ ಆಂಜಿಯೋಗ್ರಾಂ ಮಾಡಿದ ವರದಿ ಪ್ರಕಟಿಸಿದರು. ಮಿದುಳು ತಜ್ಞರು ಇದನ್ನು ವ್ಯಾಪಕವಾಗಿ ಕೈಗೆತ್ತಿಕೊಂಡದ್ದು ಬಹಳ ತಡವಾಗಿ.

ರೋಗಿಗೆ ಇದರಿಂದ ದೊಡ್ಡ ನೆಮ್ಮದಿ. ತೊಡೆಸಂದಿನಲ್ಲಿ ಚುಚ್ಚಿದರೆ ಗಂಟೆಗಟ್ಟಲೆ ಕಾಲು ಮಡಚದೆ ಅಂಗಾತ ಮಲಗಿರಬೇಕು. ಇಲ್ಲಿ ಮಣಿಕಟ್ಟಿಗೆ ಗಾಳಿ ತುಂಬಿದ ಪಟ್ಟಿ ಬಿಗಿದರೆ ಸಾಕು, ಬೇಗ ಎದ್ದು ಕೂರಬಹುದು. ರಕ್ತಸ್ರಾವದ ಅಪಾಯವೂ ಕಡಿಮೆ.

ಆದರೆ ಇದು ಎಲ್ಲರಿಗೂ ಒಗ್ಗದು. ನಾಳ ತೀರಾ ಸಣ್ಣದಿದ್ದರೆ, ಸುರುಳಿ ಸುತ್ತಿಕೊಂಡಿದ್ದರೆ ತೊಡೆಸಂದೇ ಗತಿ. ಮೂತ್ರಪಿಂಡದ ಕಾಯಿಲೆಯಿದ್ದರೆ ವೈದ್ಯರಿಗೆ ಮುಂಚೆಯೇ ತಿಳಿಸಿ. ಡಯಾಲಿಸಿಸ್‌ಗೆ ಮುಂದೆ ಅದೇ ಕೈಯ ನಾಳ ಬೇಕಾಗಬಹುದು.