ಸ್ನಾಯುವಿನ ರಿಪೇರಿ

ನಾಲ್ಕೈದು ವರ್ಷದ ಹುಡುಗನೊಬ್ಬ ನೆಲದಿಂದ ಏಳುವಾಗ ಕೈಗಳನ್ನು ಮೊದಲು ಮೊಣಕಾಲಿನ ಮೇಲೆ, ಆಮೇಲೆ ತೊಡೆಯ ಮೇಲೆ ಊರಿ, ತನ್ನ ಮೈಯನ್ನೇ ತಾನು ಹತ್ತುವವನಂತೆ ನಿಲ್ಲುತ್ತಾನೆ. ಮೀನಖಂಡ ದಪ್ಪಗೆ ಕಾಣುವುದರಿಂದ ಮನೆಯವರು ಅವನನ್ನು ಗಟ್ಟಿಮುಟ್ಟಾದವನೆಂದೇ ತಿಳಿಯುವುದುಂಟು. ವೈದ್ಯರಿಗೆ ಮಾತ್ರ ಬೇರೆ ಸಂಶಯ ಬರುತ್ತದೆ: ಡ್ಯೂಶೆನ್ ಸ್ನಾಯುಕ್ಷಯ. 1860ರ ದಶಕದಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯನ ಹೆಸರೇ ಈ ರೋಗಕ್ಕೆ ನಿಂತಿದೆ. ಇದು ಬಹುತೇಕ ಗಂಡುಮಕ್ಕಳಿಗೇ ಬರುವ ರೋಗ.

ಸ್ನಾಯು ಸವೆಯುವುದು ನಮಗಾರಿಗೂ ಹೊಸದಲ್ಲ. ಬೆಟ್ಟ ಹತ್ತಿಳಿದ ಮರುದಿನ ತೊಡೆ ನೋಯುತ್ತದೆ; ನಾಲ್ಕು ದಿನದಲ್ಲಿ ನೋವು ಮಾಯವಾಗುತ್ತದೆ. ಈ ರಿಪೇರಿ ಮಾಡುವವರು ಯಾರು? 1961ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಇದರ ಸುಳಿವು ಕೊಟ್ಟರು. ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಎಳೆಗಳಿಗೆ ಒತ್ತಿಕೊಂಡು ಹೊದಿಕೆಯೊಳಗೆ ಅಡಗಿದ್ದ ಪುಟ್ಟ ಕೋಶಗಳು ಅವರಿಗೆ ಕಂಡುವು. ಉಪಗ್ರಹ ಕೋಶಗಳೆಂದು ಅವಕ್ಕೆ ಹೆಸರಾಯಿತು. ಇವೇ ಸ್ನಾಯುವಿನ ಆಕರಕೋಶಗಳು. ಎಳೆ ಹರಿದಾಗ ಇವು ಎಚ್ಚೆತ್ತು ಇಮ್ಮಡಿಯಾಗುತ್ತವೆ. ಕೆಲವು ಒಂದರೊಡನೊಂದು ಬೆಸೆದು ಹೊಸ ಎಳೆಯಾಗುತ್ತವೆ. ಉಳಿದವು, ರೈತ ಬಿತ್ತನೆಗೆಂದು ಎತ್ತಿಟ್ಟ ಕಾಳಿನಂತೆ, ಮುಂದಿನ ಸಲಕ್ಕೆ ಕಾದಿರುತ್ತವೆ.

ಹಾಗಾದರೆ ಈ ಹುಡುಗನ ಸ್ನಾಯು ಏಕೆ ಕ್ಷಯಿಸಬೇಕು? ಎಳೆಯ ಒಳಗಟ್ಟನ್ನು ಅದರ ಹೊರಪೊರೆಗೆ ಬಿಗಿಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಒಂದಿದೆ. ಇದು ಪತ್ತೆಯಾದುದು 1987ರಲ್ಲಿ. ಈ ಹುಡುಗನಲ್ಲಿ ಅದು ತಯಾರಾಗದು. ಆದ್ದರಿಂದ ಓಡಾಡಿದಂತೆಲ್ಲ ಪೊರೆ ಹರಿಯುತ್ತದೆ. ಆಕರಕೋಶಗಳು ಧಾವಿಸಿ ಬರುತ್ತವೆ, ನಿಜ. ಆದರೆ ಅವುಗಳಲ್ಲಿಯೂ ಅದೇ ಕೆಟ್ಟ ಜೀನು. ಅವು ಕಟ್ಟಿದ ಎಳೆಯೂ ದುರ್ಬಲವೇ. ಆ ಕೋಶಗಳು ಸರಿಯಾಗಿ ವಿಭಜನೆಯಾಗುವುದಕ್ಕೂ ಡಿಸ್ಟ್ರೋಫಿನ್ ಬೇಕೆಂದು ಕೆನಡಾದ ಸಂಶೋಧಕರು 2015ರಲ್ಲಿ ಇಲಿಗಳಲ್ಲಿ ತೋರಿಸಿದರು. ಬರಬರುತ್ತ ಸ್ನಾಯುವಿದ್ದ ಜಾಗದಲ್ಲಿ ನಾರು ಮತ್ತು ಕೊಬ್ಬು ತುಂಬಿಕೊಳ್ಳುತ್ತವೆ.

ಆರೋಗ್ಯವಂತರ ಕೋಶಗಳನ್ನು ಚುಚ್ಚಿದರಾಗದೆ? 1990ರ ದಶಕದಲ್ಲಿ ಇದನ್ನೂ ಮಾಡಿ ನೋಡಿದರು. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಬೇಗನೆ ಸತ್ತುವು. ಉಳಿದವು ಸೂಜಿಯ ಜಾಡನ್ನು ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಕಳೆದುಹೋದ ಬಲ ಮರಳಲಿಲ್ಲ. ಮೈಯಲ್ಲಿ ಸ್ನಾಯುಗಳು ನೂರಾರು. ಹೃದಯಕ್ಕೂ ಉಸಿರಾಟದ ವಪೆಗೂ ಹೀಗೆ ಚುಚ್ಚುತ್ತ ಹೋಗುವುದು ಸಾಧ್ಯವೆ? ರೋಗಿಯದೇ ಕೋಶಗಳನ್ನು ತೆಗೆದು, ಜೀನನ್ನು ತಿದ್ದಿ, ಮತ್ತೆ ಸೇರಿಸುವ ಸಂಶೋಧನೆ ಈಗ ನಡೆದಿದೆ.

ಆದ್ದರಿಂದ, ಆಕರಕೋಶದಿಂದ ಗುಣಪಡಿಸುತ್ತೇವೆಂದು ಹಣ ಕೇಳುವವರ ಮುಂದೆ ಒಡವೆ ಬಿಚ್ಚಿಡುವ ಮೊದಲು ತಂದೆತಾಯಿಗಳು ಒಂದು ಮಾತನ್ನು ನೆನೆಯಬೇಕು. ರಕ್ತದ ಆಕರಕೋಶಗಳ ಕಸಿಯೊಂದನ್ನು ಬಿಟ್ಟು ಉಳಿದ ಇಂಥ ಚಿಕಿತ್ಸೆಗಳೆಲ್ಲ ಇನ್ನೂ ಪ್ರಯೋಗದ ಹಂತದವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳಿದೆ. ಸ್ಟಿರಾಯ್ಡ್ ಔಷಧಿ, ತಕ್ಕ ವ್ಯಾಯಾಮ, ಹೃದಯ ಮತ್ತು ಉಸಿರಾಟದ ಮೇಲೆ ಕಣ್ಣು, ಇವು ರೋಗವನ್ನು ನೀಗಲಾರವು. ಆದರೆ ಹುಡುಗನ ನಡೆಯುವ ದಿನಗಳನ್ನೂ ಆಯುಸ್ಸನ್ನೂ ಹೆಚ್ಚಿಸಬಲ್ಲವು.